ನಮ್ಮ ಟೆರೇಸ್ ರೂಮಿನ ಮಂತ್ರಿ

ಕಠ್ಮಂಡುವಿನಲ್ಲಿ ಸರ್ಕಾರ ಬಿದ್ದಾಗಲೆಲ್ಲ ಆರ್.ಟಿ. ನಗರದ ನಮ್ಮ ಮನೆಯಲ್ಲಿ ಅಪ್ಪನ ಕಾಫಿ ಆರಿ ತಣ್ಣಗಾಗುತ್ತದೆ. ಲೋಟ ಒಂದು ಕೈಯಲ್ಲಿ, ಮೊಬೈಲು ಇನ್ನೊಂದು ಕೈಯಲ್ಲಿ. ಅವರು ನೋಡುತ್ತಿರುವುದು ನೇಪಾಳಿ ವಾರ್ತೆ. ನೇಪಾಳಿ ಅವರಿಗೆ ಬರುವುದಿಲ್ಲ. ಮಂತ್ರಿ, ಬಹುಮತ, ವಿಶ್ವಾಸ, ರಾಜೀನಾಮೆ ಎಂಬ ನಾಲ್ಕು ಮಾತು ಕಿವಿಗೆ ಬಿದ್ದರೆ ಉಳಿದದ್ದನ್ನು ಅವರೇ ತುಂಬಿಕೊಳ್ಳುತ್ತಾರೆ. "ಯಾವ ದೇಶದ ರಾಜಕೀಯಕ್ಕಾದ್ರೂ ಇಷ್ಟೇ ಪದ ಕಣೇ ಬೇಕಾಗಿರೋದು" ಎಂದು ನನಗೆ ಹೇಳುತ್ತಾರೆ.

ಆ ವಾರ್ತೆಯಲ್ಲಿ ಅವರು ಹುಡುಕುವುದು ಒಬ್ಬರನ್ನು. ಮೂರು ಸಲ ಮಂತ್ರಿಯಾದವರು, ಮೂರು ಸಲವೂ ಮಾಜಿಯಾದವರು. ಓದುವ ಕಾಲದಲ್ಲಿ ನಮ್ಮ ಟೆರೇಸಿನ ಶೀಟು ಹೊದಿಸಿದ ರೂಮಿನಲ್ಲಿ ಬಾಡಿಗೆಗೆ ಇದ್ದವರು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೂ ಮುಜುಗರ, ನಮಗೂ ಮುಜುಗರ. ಮಂತ್ರಿ ಎಂದರೆ ಸಾಕು. ಮಾಜಿಯಾದವರನ್ನೂ ಸಾಯುವ ತನಕ ಮಂತ್ರಿ ಎನ್ನುವುದು ನಮ್ಮಲ್ಲೂ ಇರುವ ಮರ್ಯಾದೆಯೇ.

ಆ ಮನುಷ್ಯನಿಗೆ ರಾಜಕೀಯದ ಅಕ್ಷರಾಭ್ಯಾಸ ಮಾಡಿಸಿದ್ದು ತಾನು ಎಂಬುದು ಅಪ್ಪನ ಅಚಲ ನಂಬಿಕೆಯಾಗಿತ್ತು. ಅದನ್ನು ಆತ ಒಂದು ಸಲ ಎಲ್ಲರೆದುರು ಒಪ್ಪಿಕೊಳ್ಳಬೇಕು ಎಂಬುದು ಅವರ ಹಲವು ವರ್ಷಗಳ ಆಸೆಯಾಗಿತ್ತು. ಆಸ್ತಿ, ಮೊಮ್ಮಕ್ಕಳ ಮದುವೆ, ಕಾಶಿ ಯಾತ್ರೆ ಯಾವುದರ ಬಗ್ಗೆಯೂ ಅಪ್ಪ ಇಷ್ಟು ಕೊರಗಿದ್ದನ್ನು ನಾನು ನೋಡಿಲ್ಲ. "ಒಂದ್ಸಲ ಹೇಳ್ಬಿಡ್ಲಿ, ನೆಮ್ಮದಿಯಾಗಿ ಕಣ್ಮುಚ್ತೀನಿ" ಎನ್ನುತ್ತಿದ್ದರು. ಎಂಬತ್ತು ದಾಟಿದವರು ಹಾಗೆಂದರೆ ತಮಾಷೆ ಮಾಡಲೂ ಬಾಯಿ ಬರುತ್ತಿರಲಿಲ್ಲ. ಅಮ್ಮನಿಗೆ ಮಾತ್ರ ಬರುತ್ತಿತ್ತು. "ಅವ್ನು ಹೇಳಲ್ಲ, ನೀವು ಕಣ್ಮುಚ್ಚಲ್ಲ, ನಂಗೆ ಕಾಫಿ ಬಿಸಿ ಮಾಡೋದು ತಪ್ಪಲ್ಲ" ಎನ್ನುತ್ತಿದ್ದಳು.

ಅವನು ಬಂದಾಗ ನಾನು ಪಿಯುಸಿಯಲ್ಲಿದ್ದೆ. ಮಂತ್ರಿಯಾದ ಮೇಲೆ ನಾವೆಲ್ಲ 'ಅವರು' ಎನ್ನಲು ಕಲಿತೆವು. ಆಗ ಬರೀ 'ಅವನು'. ಗೇಟಿಗೆ ಕಟ್ಟಿದ್ದ ಟು-ಲೆಟ್ ಬೋರ್ಡು ನೋಡಿಕೊಂಡು, ಒಂದು ತಗಡಿನ ಟ್ರಂಕು, ಸುತ್ತಿದ ರಜಾಯಿ ಹೊತ್ತುಕೊಂಡು ಬಂದ. ಹೆಬ್ಬಾಳದ ಕಡೆ ಕಾಲೇಜಿನಲ್ಲಿ ಕೃಷಿ ಓದಲು ಸೇರಿದ್ದ. ಅಮ್ಮ ಬಾಗಿಲಲ್ಲೇ ನಿಲ್ಲಿಸಿ ಬೆಂಗಳೂರಿನ ಮನೆ ಯಜಮಾನಿಯರು ಕೇಳುವ ಪ್ರಶ್ನೆಗಳನ್ನೆಲ್ಲ ಕೇಳಿದಳು: ಯಾವ ಊರು, ಏನು ಜನ, ಎಷ್ಟು ಜನ ಬಂದು ಹೋಗುತ್ತಾರೆ, ಮಾಂಸ ಮಾಡುತ್ತೀಯಾ. ಕೊನೆಯ ಪ್ರಶ್ನೆಗೆ ಅವನು ಎರಡೂ ಕಿವಿ ಹಿಡಿದುಕೊಂಡು ತಲೆಯಾಡಿಸಿದ. ಆ ನಟನೆಗೆ ಅಮ್ಮ ಕರಗಿದಳು.

ಕಿವಿ ಹಿಡಿದ ಮಾತಿಗೆ ಅವನು ತಪ್ಪಲಿಲ್ಲ. ಆದರೆ ಮಾಂಸವಲ್ಲದ್ದೂ ನಾರುತ್ತದೆ ಎಂಬುದು ಅಮ್ಮನಿಗೆ ಗೊತ್ತಿರಲಿಲ್ಲ. ಅವರ ಕಡೆ ಸಾಸಿವೆ ಸೊಪ್ಪನ್ನು ಹುಳಿ ಬರಿಸಿ, ಒಣಗಿಸಿ ಇಟ್ಟುಕೊಳ್ಳುತ್ತಾರಂತೆ. ಗುಂದ್ರುಕ್ ಎನ್ನುತ್ತಾರೆ. ಅದನ್ನು ಅವನು ಮೊದಲ ಸಲ ಕುದಿಸಿದ ದಿನ ಅಮ್ಮ ಮೋರಿ ಕಟ್ಟಿಕೊಂಡಿದೆ ಎಂದು ಪ್ಲಂಬರನ್ನು ಕರೆಸಿದಳು. ಆತ ಚೇಂಬರಿನ ಮುಚ್ಚಳ ತೆಗೆದು ಬಿದಿರು ಸೀಳು ಆಡಿಸತೊಡಗಿದ. ಹುಡುಗ ಮೇಲಿನಿಂದ ನೋಡಿದ, ಕೆಳಗಿಳಿದು ಬಂದ, ಪ್ಯಾಂಟು ಮಡಚಿಕೊಂಡು ಪ್ಲಂಬರಿಗೆ ಸಹಾಯಕ್ಕೆ ನಿಂತ. ನನ್ನದೇ ಅಡುಗೆ ಎನ್ನಲಿಲ್ಲ. ಮಾರನೆಯ ದಿನ 'ನಮ್ಮ ದೇಶದ ಸಾರು' ಎಂದು ಅಮ್ಮನಿಗೆ ಬಟ್ಟಲಲ್ಲಿ ತಂದುಕೊಟ್ಟಾಗಲೇ ವಿಷಯ ಬಯಲಾದದ್ದು. ಅಮ್ಮ ಈಗಲೂ ಹೇಳುತ್ತಾಳೆ: "ಅವ್ನು ರಾಜಕಾರಣಿ ಆಗ್ತಾನೆ ಅಂತ ನಂಗೆ ಅವತ್ತೇ ಗೊತ್ತಾಯ್ತು. ತಾನೇ ಹಬ್ಬಿಸಿದ ನಾತಕ್ಕೆ ತಾನೇ ನಿಂತು ತನಿಖೆ ಮಾಡಿಸ್ದ."

ಆಗ ನಮ್ಮ ಬೀದಿಗಳಿಗೆ ಕಾವೇರಿ ಬಂದಿರಲಿಲ್ಲ. ಬಡಾವಣೆಯವರೆಲ್ಲ ಸೇರಿ ಕೊರೆಸಿದ ಒಂದು ಬೋರ್‌ವೆಲ್ಲು, ಅದಕ್ಕೊಂದು ಟ್ಯಾಂಕು. ಅಲ್ಲಿಂದ ಬರುವ ಪೈಪು ನಮ್ಮ ಮನೆಯ ಮುಂದೆ ಕವಲೊಡೆದು ಒಂದು ಮೇಲಿನ ಬೀದಿಗೆ, ಇನ್ನೊಂದು ಕೆಳಗಿನ ಬೀದಿಗೆ ಹೋಗುತ್ತಿತ್ತು. ಕವಲಿನಲ್ಲಿ, ಕಬ್ಬಿಣದ ಮುಚ್ಚಳದ ಕೆಳಗೆ ವಾಲ್ವು. ವಾಲ್ವು ತಿರುಗಿಸಲು ಎದೆಯುದ್ದದ ಒಂದು ಕಬ್ಬಿಣದ ಸಲಾಕೆ. ಮೇಲೆ ಹಿಡಿಯಲು ಅಡ್ಡ ಕಂಬಿ. ಎಲ್ಲರೂ ಅದನ್ನು 'ಕೀ' ಎನ್ನುತ್ತಿದ್ದೆವು. ಬಡಾವಣೆಯ ಸಂಘಕ್ಕೆ ಯಾರು ಅಧ್ಯಕ್ಷರೋ ಅವರ ಮನೆಯ ಬಾಗಿಲ ಹಿಂದೆ ಕೀ ಇರಬೇಕು ಎಂಬುದು ಕಟ್ಟಳೆ. ಸಂಘ ಹುಟ್ಟಿದಾಗಿನಿಂದ ಅದು ನಮ್ಮ ಬಾಗಿಲ ಹಿಂದೆಯೇ ಇತ್ತು. ಆಯುಧಪೂಜೆಯ ದಿನ ಮೊದಲ ಕುಂಕುಮ ಅದಕ್ಕೆ, ಆಮೇಲೆ ಅಪ್ಪನ ಸ್ಕೂಟರಿಗೆ.

ಅಪ್ಪ ಯಶವಂತಪುರದ ಕಡೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವರು. ಕೇಳಿದ ತಕ್ಷಣ ಕೊಟ್ಟರೆ ಕೊಟ್ಟವನಿಗೆ ಬೆಲೆಯಿಲ್ಲ ಎಂಬ ತತ್ವವನ್ನು ಅಲ್ಲೇ ಅರಗಿಸಿಕೊಂಡಿದ್ದರು. ಬೆನ್ನು ನೋವು ಶುರುವಾದಾಗ, ಬೆಳಗ್ಗೆ ವಾಲ್ವು ತಿರುಗಿಸುವ ಕೆಲಸವನ್ನು, ಅಷ್ಟರಲ್ಲಿ ಕನ್ನಡ ಕಲಿತಿದ್ದ ಟೆರೇಸಿನ ಹುಡುಗನಿಗೆ ವಹಿಸಿದರು. ಮೊದಲ ದಿನ ತಾವೇ ಜೊತೆಗೆ ಹೋಗಿ ಪಾಠ ಮಾಡಿದರು. ಹಾಲಿನ ಪಾತ್ರೆ ಹಿಡಿದು ಗೇಟಿನಲ್ಲಿ ನಿಂತಿದ್ದ ನಾನು ಆ ಪಾಠವನ್ನು ಕಿವಿಯಾರೆ ಕೇಳಿದೆ.

"ಪೂರ್ತಿ ತಿರುಗಿಸ್ಬೇಡಪ್ಪ. ಅರ್ಧ ಸಾಕು."

"ಯಾಕೆ ಅಂಕಲ್? ಟ್ಯಾಂಕ್ ತುಂಬ ನೀರಿದೆ."

"ಇದೆ. ಪೂರ್ತಿ ತಿರುಗಿಸಿದ್ರೆ ನಲ್ಲೀಲಿ ನೀರು ಬರುತ್ತೆ, ಮನೆ ಬಾಗ್ಲಿಗೆ ಜನ ಬರಲ್ಲ. ಅರ್ಧ ತಿರುಗಿಸು. ಸಾರ್, ನೀರು ಸಾಲ್ತಿಲ್ಲ ಅಂತ ಬರ್ತಾರೆ. ಆಗ ಇನ್ನೊಂಚೂರು ತಿರುಗಿಸು. ಕೈ ಮುಗಿದು ಹೋಗ್ತಾರೆ."

ಅಪ್ಪ ಇದನ್ನು ದುಷ್ಟತನದಿಂದ ಹೇಳಲಿಲ್ಲ. ಅನ್ನಕ್ಕೆ ನೀರೆಷ್ಟು ಇಡಬೇಕು ಎಂದು ಹೇಳಿಕೊಡುವ ಹಾಗೆ ಹೇಳಿದರು. ನಮ್ಮ ಬಾಗಿಲಿಗೆ ದಿನಾ ಜನ ಬರುತ್ತಿದ್ದರು, ಅಪ್ಪ ಬನಿಯನ್ನಿನ ಮೇಲೆ ಶರ್ಟು ಹಾಕಿಕೊಂಡು ಹೊರಗೆ ಬರುತ್ತಿದ್ದರು, ನಮಗೂ ಒಂದು ಘನತೆ ಅನಿಸುತ್ತಿತ್ತು. ವಾಲ್ವು ನಮ್ಮ ಮನೆಯ ಮುಂದೆಯೇ ಇದ್ದುದರಿಂದ ನಮ್ಮ ಸಂಪು ಮೊದಲು ತುಂಬುತ್ತಿತ್ತು. ಇದರ ಬಗ್ಗೆ ಮನೆಯಲ್ಲಿ ಯಾರೂ ಯೋಚಿಸಿದವರಲ್ಲ.

ಆ ಹುಡುಗನಿಗೆ ನಮ್ಮ ಸಂಪಿಗೆ ನೀರು ಧುಮುಕುವ ಸದ್ದು ಕೇಳುವುದೆಂದರೆ ಇಷ್ಟ. ಕೀ ತಂದಿಟ್ಟು ಸಂಪಿನ ಪಕ್ಕ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಒಮ್ಮೆ ಅಮ್ಮನಿಗೆ ಹೇಳಿದ: "ನಮ್ಮ ಅಮ್ಮ ದಿನಾ ತಾಮ್ರದ ಬಿಂದಿಗೆ ತಗೊಂಡು ಕೆಳಗೆ ಒರತೆಗೆ ಇಳೀತಾರೆ ಆಂಟಿ. ಇಳಿಯೋದು ಸುಲಭ. ಹತ್ತೋದು ಕಷ್ಟ. ನಾನು ದೊಡ್ಡೋನಾದ್ಮೇಲೆ ಮೊದಲ್ನೇ ಕೆಲಸ, ಅಮ್ಮನ ಬಾಗ್ಲಲ್ಲಿ ನಲ್ಲಿ." ಅಮ್ಮ ಅವತ್ತಿನಿಂದ ಅವನಿಗೆ ಭಾನುವಾರದ ಹುಳಿ ಅನ್ನ ತಪ್ಪಿಸಲಿಲ್ಲ. ಆ ನಲ್ಲಿಯನ್ನೂ ಮರೆಯಲಿಲ್ಲ.

ಇನ್ನು ಅಪ್ಪ ಪಟ್ಟ ಕಳೆದುಕೊಂಡ ಕಥೆ. ನಮ್ಮ ಸಂಘದಲ್ಲಿ ಚುನಾವಣೆ ಎಂಬುದು ಇರಲಿಲ್ಲ. ಖಾರಾ ಬನ್ನು ಇತ್ತು. ವರ್ಷಕ್ಕೊಂದು ಸಭೆ ಖಾಲಿ ಸೈಟಿನಲ್ಲಿ ನಡೆಯುತ್ತಿತ್ತು. ಎಲ್ಲರಿಗೂ ಬನ್ನು ಹಂಚಿ, ಎಲ್ಲರ ಬಾಯಿ ತುಂಬಿದ್ದು ನೋಡಿಕೊಂಡು, ಅಪ್ಪ ಗಂಟಲು ಸರಿಮಾಡಿಕೊಂಡು "ಹಿಂದಿನ ಪದಾಧಿಕಾರಿಗಳೇ ಮುಂದುವರೀಬೇಕು ಅಂತ ಸಭೆ ಒಪ್ಪಿದೆ ಅಂದ್ಕೋತೀನಿ" ಎನ್ನುತ್ತಿದ್ದರು. ಬಾಯಲ್ಲಿ ಬನ್ನಿದ್ದವರು ಏನು ಹೇಳಿಯಾರು? ಮೌನಂ ಸಮ್ಮತಿ ಲಕ್ಷಣಂ. ಹೀಗೆ ಅಪ್ಪ ವರ್ಷವರ್ಷವೂ ಅವಿರೋಧವಾಗಿ ಆಯ್ಕೆಯಾಗುತ್ತಿದ್ದರು.

ಆ ವರ್ಷ ಬನ್ನು ತರುವ ಜವಾಬ್ದಾರಿಯನ್ನು ಟೆರೇಸಿನ ಹುಡುಗನಿಗೆ ಕೊಟ್ಟರು. ಅಪ್ಪ ತಪ್ಪು ಮಾಡಿದ್ದು ಅಲ್ಲೇ. ಸಭೆ ಸೇರಿತು, ಬನ್ನು ಬರಲಿಲ್ಲ. ಬೇಕರಿಯಲ್ಲಿ ಇನ್ನೂ ಬೇಯುತ್ತಿದೆ ಎಂದು ಸುದ್ದಿ ಬಂತು. ಕಾದು ಕಾದು ಅಪ್ಪ ಬನ್ನಿಲ್ಲದೆಯೇ ತಮ್ಮ ಮಾತು ಆಡಿದರು. ಎಲ್ಲರ ಬಾಯಿಯೂ ಖಾಲಿ ಇತ್ತು. ಎದುರುಮನೆ ಚಾಚಾ ಎದ್ದು ನಿಂತರು.

ಚಾಚಾ ಯಲಹಂಕದಲ್ಲಿ ಮರದ ಅಂಗಡಿ ಇಟ್ಟಿದ್ದವರು, ಅಪ್ಪನಿಗಿಂತ ಒಂದೆರಡು ವರ್ಷ ಚಿಕ್ಕವರು, ಕೆಳಗಿನ ಬೀದಿಯವರಿಗೆಲ್ಲ ಬೇಕಾದವರು. "ಅರೇ ಭಾಯಿ, ನೀರು ಕೊಟ್ಟೋನು ಮೇಲಿರೋ ದೇವ್ರು. ಕೀ ಮಾತ್ರ ಯಾವಾಗ್ಲೂ ನಿಮ್ಮನೇಲೇ ಇರ್ಬೇಕಾ? ಕೈ ಎತ್ತಿಸಿ ನೋಡೋಣ" ಎಂದರು. ಕೈಗಳು ಎದ್ದವು. ಅಪ್ಪ ಸೋತರು. ಅವರ ಸೋಲು ಖಾತ್ರಿಯಾದ ಮೇಲೆ ಸೈಕಲ್ಲಿನ ಕ್ಯಾರಿಯರಿನಲ್ಲಿ ಬಿಸಿ ಬಿಸಿ ಬನ್ನು ಬಂತು. ಅದನ್ನು ಎಲ್ಲರಿಗೂ ನಗುನಗುತ್ತಾ ಹಂಚಿದವನು ಹೊಸ ಕಾರ್ಯದರ್ಶಿ, ಅಂದರೆ ನಮ್ಮ ಟೆರೇಸಿನ ಹುಡುಗ. ಬೆಳಗ್ಗೆ ಕೀ ಹಿಡಿದು ಹೋದಾಗ ಮನೆಮನೆಯ ಕಷ್ಟ ವಿಚಾರಿಸುತ್ತಿದ್ದವನಿಗೆ ಯಾರ ಕೈ ಯಾರ ಕಡೆ ಏಳುತ್ತದೆ ಎಂಬುದು ಮೊದಲೇ ಗೊತ್ತಿತ್ತು.

ಅವತ್ತು ರಾತ್ರಿ ಅಪ್ಪ ಊಟ ಬಿಟ್ಟರು. ಕೀ ಎದುರುಮನೆಗೆ ಹೋಯಿತು. ಚಾಚಾ ಕೆಳಗಿನ ಬೀದಿಯವರಿಗೆ ಕೊಟ್ಟ ಮಾತಿನಂತೆ ವಾಲ್ವು ಪೂರ್ತಿ ತೆಗೆಸಿದರು. ಎಲ್ಲರಿಗೂ ನೀರು ಬಂತು, ಟ್ಯಾಂಕೇನೂ ಖಾಲಿಯಾಗಲಿಲ್ಲ, ಆಕಾಶವೇನೂ ಕಳಚಿ ಬೀಳಲಿಲ್ಲ. ಆದರೆ ಚಾಚಾ ಸಂಜೆ ಗರಿಗರಿ ಜುಬ್ಬಾ ಹಾಕಿಕೊಂಡು ಜಗಲಿಯಲ್ಲಿ ಕೂತರೆ ಒಂದು ನರಪಿಳ್ಳೆಯೂ ಆ ಕಡೆ ಹಾಯಲಿಲ್ಲ. ತಿಂಗಳು ಕಳೆಯುವುದರೊಳಗೆ ಅವರ ಕಾಲದಲ್ಲೂ ವಾಲ್ವು ಅರ್ಧಕ್ಕೆ ಇಳಿಯಿತು. ಕೆಳಗಿನ ಬೀದಿಯವರು ಮೋಸ ಎಂದರು. ಆರು ತಿಂಗಳಲ್ಲಿ ಕಾರ್ಯದರ್ಶಿ ಅವಿಶ್ವಾಸ ತಂದು ಚಾಚಾರನ್ನು ಇಳಿಸಿ ಅಪ್ಪನನ್ನು ಮತ್ತೆ ಕೂರಿಸಿದ. ಈ ಸಲ ಬನ್ನು ಸಮಯಕ್ಕೆ ಸರಿಯಾಗಿ ಬಂತು. ಅಧ್ಯಕ್ಷರು ಅತ್ತಿತ್ತ ಆದರೂ ಬೆಳಗ್ಗೆ ಕೀ ಹಿಡಿದು ಹೋಗುವವನು ಮಾತ್ರ ಅವನೇ ಆಗಿದ್ದ.

ಓದು ಮುಗಿಸಿ ಹೊರಟಾಗ ಅಪ್ಪನಿಗೆ ಅವರ ಕಡೆಯ ಬಣ್ಣದ ನೇಯ್ಗೆಯ ಒಂದು ಟೋಪಿ ಕೊಟ್ಟು ಕಾಲಿಗೆ ಬಿದ್ದ. ಅಪ್ಪ ಕಣ್ಣೊರೆಸಿಕೊಂಡರು. ಇಳಿಸಿದವನೂ ಅವನೇ, ಏರಿಸಿದವನೂ ಅವನೇ. "ಗುರುವಿಗೇ ತಿರುಮಂತ್ರ ಹಾಕ್ದ ಕಣೇ, ಪಾಠ ಸರಿಯಾಗಿ ಹತ್ತಿದೆ" ಎಂದು ಅಮ್ಮನಿಗೆ ಹೇಳಿಕೊಂಡರು. ಅಂದಿನಿಂದ ಚಳಿಗಾಲದಲ್ಲಿ ಮಂಕಿ ಕ್ಯಾಪು ಬಿಟ್ಟು ಆ ಟೋಪಿ ಹಾಕಿಕೊಂಡೇ ಪಾರ್ಕಿಗೆ ಹೋಗತೊಡಗಿದರು.

ಆಮೇಲಿನದ್ದು ನಮಗೆ ಚೂರುಪಾರಾಗಿ ಗೊತ್ತು. ಅಲ್ಲಿ ಚಳವಳಿ ನಡೆದು ಅವನು ಜೈಲಿಗೆ ಹೋದ ಸುದ್ದಿ ಬಂತು. "ನಮ್ ಶೀಟು ರೂಮಲ್ಲಿ ಏಪ್ರಿಲ್ ಕಳ್ದೋನಿಗೆ ಜೈಲು ಯಾವ ಲೆಕ್ಕ" ಎಂದರು ಅಪ್ಪ. ಅಲ್ಲಿ ರಾಜರ ಕಾಲ ಮುಗಿಯಿತು. ನಮ್ಮ ಹುಡುಗ ಸಂಸದನಾದ, ಆಮೇಲೆ ಮಂತ್ರಿಯಾದರು. ಮೊದಲು ಯುವಜನರ ಖಾತೆ. ಆಗ ಅವರಿಗೆ ತಲೆ ನರೆತಿತ್ತು. ಎರಡನೆಯ ಸಲ ಅರಣ್ಯ. ಪಕ್ಷ ಒಡೆದಾಗಲೆಲ್ಲ ಯಾವ ಹೋಳು ದೊಡ್ಡದೋ ಅದರಲ್ಲಿ ಅವರಿರುತ್ತಿದ್ದರು. ಕೆಲವು ಸಲ ಅವರು ಹೋದ ಮೇಲೆ ಆ ಹೋಳು ದೊಡ್ಡದಾಗುತ್ತಿತ್ತು. ಬೆಳಗ್ಗೆ ಒಬ್ಬರಿಗೆ ಬೆಂಬಲ ಘೋಷಿಸಿ, ಮಧ್ಯಾಹ್ನ ಚಿಂತಿಸಿ, ಸಂಜೆ ಇನ್ನೊಬ್ಬರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಕಲೆ ಅವರಿಗೆ ಸಿದ್ಧಿಸಿತ್ತು. ಅಪ್ಪ ಇದನ್ನೆಲ್ಲ ಮಗನ ರ‍್ಯಾಂಕು ಹೇಳಿದಷ್ಟೇ ಹೆಮ್ಮೆಯಿಂದ ಹೇಳುತ್ತಿದ್ದರು. "ಎಲ್ಲಾ ನಮ್ಮೂರಿಂದ ಎಕ್ಸ್‌ಪೋರ್ಟ್ ಆಗಿರೋ ಮಾಲು. ಶಾಸಕರನ್ನ ರೆಸಾರ್ಟಿಗೆ ಸಾಗಿಸೋದು ಒಂದು ಮಾತ್ರ ಕಲೀಲಿಲ್ಲ. ಅಲ್ಲಿ ದೇಶವೇ ರೆಸಾರ್ಟು, ಎಲ್ಲಿಗೆ ಅಂತ ಸಾಗಿಸ್ತಾನೆ?"

ಅಪ್ಪನ ಸಂಕಟವೆಲ್ಲ ಸಂದರ್ಶನಗಳದ್ದು. ಮೊಬೈಲು ಕೈಗೆ ಬಂದ ಮೇಲೆ ಮಂತ್ರಿಯ ಒಂದು ಸಂದರ್ಶನವನ್ನೂ ಅವರು ಬಿಟ್ಟವರಲ್ಲ. ನಿಮಗೆ ಪ್ರೇರಣೆ ಯಾರು ಎಂದು ಕೇಳಿದಾಗಲೆಲ್ಲ ಮಂತ್ರಿ ಕಣ್ಣು ಅರೆಮುಚ್ಚಿ ಹಳ್ಳಿ ಶಾಲೆಯ ಮೇಷ್ಟರನ್ನು ನೆನೆಯುತ್ತಿದ್ದರು, ಜೈಲಿನ ಸಂಗಾತಿಯನ್ನು ನೆನೆಯುತ್ತಿದ್ದರು, ತಾಯಿಯನ್ನು ನೆನೆಯುತ್ತಿದ್ದರು. ಒಂದು ಸಲ ಹಿಮಾಲಯವನ್ನು ನೆನೆದರು. ಬೆಂಗಳೂರಿನ ಸುದ್ದಿಯೇ ಇಲ್ಲ.

"ಬೆಟ್ಟಕ್ಕೆ ಥ್ಯಾಂಕ್ಸ್ ಹೇಳ್ತಾನೆ, ನಂಗೆ ಹೇಳಲ್ಲ!" ಎಂದು ಅಪ್ಪ ಪಾರ್ಕಿನ ಬೆಂಚಿನಲ್ಲಿ ಹಾರಾಡಿದರು.

ಅವರ ಪಕ್ಕದಲ್ಲಿ ಕೂತವರು ಚಾಚಾ. ಆ ಹಳೇ ಜಗಳ ಎಂದೋ ಮುಗಿದು, ಇಬ್ಬರೂ ಒಂದೇ ಬೆಂಚಿಗೆ ಇಳಿದಿದ್ದರು. "ಬಿಡಿ ಭಾಯಿ, ಬೆಟ್ಟ ನಿಮಗಿಂತ ಸೀನಿಯರು" ಎಂದರು ಚಾಚಾ.

ಮೂರನೆಯ ಸಲ ಅವರಿಗೆ ಕುಡಿಯುವ ನೀರಿನ ಖಾತೆ ಸಿಕ್ಕಿತು. ಅಪ್ಪ ಕುಣಿದಾಡುವುದೊಂದು ಬಾಕಿ. ಬೀದಿಗೆಲ್ಲ ಮೈಸೂರು ಪಾಕು ಹಂಚಿದರು. ಆ ಹೊತ್ತಿಗೆ ನಮ್ಮ ಬೋರ್‌ವೆಲ್ಲು ಬತ್ತಿ, ಕಾವೇರಿ ಬಂದು, ಹಳೆಯ ವಾಲ್ವಿನ ಮೇಲೆ ಡಾಂಬರು ಬಿದ್ದು ಯಾವುದೋ ಕಾಲವಾಗಿತ್ತು. ಆದರೂ ಅಪ್ಪನೇ ಅಧ್ಯಕ್ಷರು, ಕೀ ಬಾಗಿಲ ಹಿಂದೆಯೇ ಇತ್ತು, ಆಯುಧಪೂಜೆಗೆ ಅದಕ್ಕೆ ಕುಂಕುಮ ಬೀಳುತ್ತಿತ್ತು. ಏನನ್ನೂ ತೆರೆಯದ, ಏನನ್ನೂ ಮುಚ್ಚದ ಕೀ. ಕಾವೇರಿ ಕೈಕೊಟ್ಟು ಟ್ಯಾಂಕರ್ ಬಂದಾಗ ಯಾರ ಮನೆಗೆ ಮೊದಲು ಪೈಪು ಎಂದು ಹೇಳುವ ಅಧಿಕಾರವೊಂದು ಅಪ್ಪನಿಗೆ ಉಳಿದಿತ್ತು.

ಒಂದು ದಿನ ಅಪ್ಪ ಒಂದು ವಿಡಿಯೋ ತೋರಿಸಲು ಅಡುಗೆಮನೆಗೇ ಬಂದರು. ಯಾವುದೋ ಬೆಟ್ಟದೂರಿನಲ್ಲಿ ಮಂತ್ರಿ ಕೊರಳ ತುಂಬ ಚೆಂಡುಹೂವಿನ ಹಾರ ಹಾಕಿಕೊಂಡು ಹೊಸ ಪೈಪಿನ ಮೇಲಿನ ಚಕ್ರ ತಿರುಗಿಸುತ್ತಿದ್ದಾರೆ. ನೀರು ಬರುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ. ಅಪ್ಪ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ಮತ್ತೆ ಮತ್ತೆ ನೋಡಿದರು.

"ಕೈ ನೋಡೇ, ಕೈ ನೋಡು! ಅರ್ಧಕ್ಕೆ ನಿಲ್ಲಿಸ್ದ. ಬಾಯಲ್ಲಿ ಹೇಳ್ದಿದ್ರೇನು, ಕೈ ಹೇಳುತ್ತೆ ಯಾರ ಶಿಷ್ಯ ಅಂತ."

ಅಮ್ಮ ಒಗ್ಗರಣೆಯಿಂದ ತಲೆ ಎತ್ತಲಿಲ್ಲ. "ಅವರಮ್ಮನ ಮನೆ ಊರೇನ್ರೀ ಅದು?" ಎಂದಳು. ಅಪ್ಪನಿಗೆ ಗೊತ್ತಿರಲಿಲ್ಲ.

ಸ್ವಲ್ಪ ದಿನಕ್ಕೆ ಆ ಸರ್ಕಾರವೂ ಬಿತ್ತು. ಅಪ್ಪನ ಕಾಫಿ ಎಂದಿನಂತೆ ಆರಿತು. ಆದರೆ ಈ ಸಲ ಬಹುಮತ, ವಿಶ್ವಾಸ ಯಾವ ಪದವೂ ಕೇಳಿಸಲಿಲ್ಲ. ಹುಡುಗರು ಬೀದಿಗಿಳಿದಿದ್ದರು. ಮಂತ್ರಿಯ ಮನೆಯ ಕಿಟಕಿ ಗಾಜು ಪುಡಿಯಾಗಿದ್ದು, ಗೇಟಿನ ಮುಂದೆ ಜನ ಕಿಕ್ಕಿರಿದದ್ದು ಮೊಬೈಲಿನಲ್ಲಿ ಕಂಡಿತು. ಅಪ್ಪ ಲೋಟ ಕೆಳಗಿಟ್ಟು ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅದು ನಮ್ಮ ಹುಡುಗನ ಮನೆ ಎಂದು ನಾನೂ ಅವರ ಪಕ್ಕ ಬಂದು ನಿಂತೆ.

ದಸರೆಗೆ ಮೊದಲು ಅವರಿಂದಲೇ ಫೋನು ಬಂತು. ಮಂಡಿ ನೋವು, ಬೆಂಗಳೂರಲ್ಲಿ ತೋರಿಸಬೇಕು ಎಂದರು. ಅಧಿಕಾರ ಹೋದ ತಕ್ಷಣ ರಾಜಕಾರಣಿಗಳಿಗೆ ಮಂಡಿ ನೋವು ಬರುವುದು ಎಲ್ಲ ದೇಶದಲ್ಲೂ ಇದ್ದದ್ದೇ. ಹೋಟೆಲು ಬೇಡ, ಹಳೇ ರೂಮೇ ಸಾಕು ಎಂದರು. ನಾವು ಟೆರೇಸ್ ರೂಮಿನಿಂದ ಹಳೇ ಪೇಪರು, ಕೆಟ್ಟ ಮಿಕ್ಸಿ, ಯಾರೂ ಓಡದ ಟ್ರೆಡ್‌ಮಿಲ್ಲು ಹೊರಗೆ ಹಾಕಿ ಸುಣ್ಣ ಹೊಡೆಸಿದೆವು.

ಅಪ್ಪ ತಮ್ಮ ಸಿದ್ಧತೆಯಲ್ಲಿದ್ದರು. ಆಯುಧಪೂಜೆಗೆ ಮನೆ ಮುಂದೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಮೈಕ್ ಸೆಟ್ಟು ಬಂದವು. ಇಡೀ ಬಡಾವಣೆಗೆ ವಾಟ್ಸಾಪಿನಲ್ಲಿ ಕರೆ ಹೋಯಿತು: ನೇಪಾಳದ ಮಾನ್ಯ ಮಾಜಿ ಸಚಿವರಿಂದ ಗುರುವಂದನೆ. ಯಾವ ಗುರು, ಯಾರಿಂದ ವಂದನೆ ಎಂದು ಮಾನ್ಯರಿಗೇ ಹೇಳಿರಲಿಲ್ಲ. "ಅವ್ರು ಹೇಳದಿದ್ರೆ ಏನ್ ಮಾಡ್ತೀರಪ್ಪಾ?" ಎಂದು ಕೇಳಿದೆ. ಅಪ್ಪ ಟೋಪಿಯ ಮೇಲಿನ ಧೂಳು ಕೊಡವಿದರು. ಇಷ್ಟು ಜನರ ಮುಂದೆ ಆತ ಮತ್ತೆ ಹಿಮಾಲಯ ಎಂದುಬಿಟ್ಟರೆ ಈ ಮುದುಕ ತಡೆದುಕೊಳ್ಳುವುದಿಲ್ಲ ಅನಿಸಿತು.

ಮಂತ್ರಿ ಸ್ವಲ್ಪ ಕುಗ್ಗಿದ್ದರು, ತುಂಬ ನರೆತಿದ್ದರು. ಮಂಡಿ ಚೆನ್ನಾಗಿಯೇ ಇತ್ತು. ಮೆಟ್ಟಿಲು ಸರಸರ ಹತ್ತಿ ಇಳಿದರು. ಪೂಜೆಯಾಯಿತು. ಅಪ್ಪ ಕೀಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಸಿಕ್ಕಿಸಿ, ಬೂದುಗುಂಬಳ ಒಡೆಸಿದರು. ಆಮೇಲೆ ಮೈಕನ್ನು ಮಂತ್ರಿಯ ಕೈಗೆ ಕೊಟ್ಟರು.

ಅವರು ಬಂದವರನ್ನೆಲ್ಲ ಒಮ್ಮೆ ನೋಡಿದರು, ಅಪ್ಪನ ಟೋಪಿ ನೋಡಿದರು, ಗೋಡೆಗೆ ಒರಗಿಸಿದ್ದ ಕೀ ನೋಡಿದರು. ಯಾರಿಗೆ ಏನು ಬೇಕು ಎಂಬುದನ್ನು ಸಭೆ ನೋಡಿದ ತಕ್ಷಣ ತಿಳಿಯುವುದು ಅವರ ಕಸುಬು. ಹಳೆಯ ಕನ್ನಡ ಇನ್ನೂ ನಾಲಗೆಯಲ್ಲಿತ್ತು.

"ನಾನು ತುಂಬ ಜನರ ಹೆಸರು ಹೇಳಿದೀನಿ. ಮೇಷ್ಟ್ರು, ಜೈಲು, ಬೆಟ್ಟ. ಎಲ್ಲಾ ಭಾಷಣಕ್ಕೆ. ರಾಜಕೀಯ ನನಗೆ ಹೇಳಿಕೊಟ್ಟವರು ಒಬ್ಬರೇ, ಈ ಅಂಕಲ್. ಇವರು ಕಲಿಸಿದ್ದನ್ನ ನಾನು ಯಾವತ್ತೂ ಬಿಡಲಿಲ್ಲ."

ಚಪ್ಪಾಳೆ ಬಿತ್ತು. ಅಪ್ಪ ಎದ್ದು ನಿಲ್ಲಲು ಹೋಗಿ ಕುರ್ಚಿ ಹಿಡಿದುಕೊಂಡರು. ಕಣ್ಣಿಂದ ನೀರು ಇಳಿಯುತ್ತಿತ್ತು. ಚಾಚಾ ಬಂದು ತಬ್ಬಿಕೊಂಡು "ಮುಬಾರಕ್ ಭಾಯಿ, ಬೆಟ್ಟಾನ ಸೋಲಿಸಿಬಿಟ್ರಿ" ಎಂದರು. ನಾನೂ ಅತ್ತೆ. ಅಪ್ಪನನ್ನು ಅಷ್ಟು ಸಂತೋಷದಲ್ಲಿ ನೋಡಿದ್ದು ಅದೇ ಮೊದಲು.

ಜನ ಹೋದ ಮೇಲೆ ನಾವು ಊಟಕ್ಕೆ ಕೂತೆವು. ಅಪ್ಪ, ಅವರ ಪಕ್ಕದಲ್ಲಿ ಮಂತ್ರಿ, ಎದುರಿಗೆ ಚಾಚಾ. ಅಮ್ಮ ಮಂತ್ರಿಯ ಎಲೆಗೆ ಒಬ್ಬಟ್ಟು ಬಡಿಸಿ, ತುಪ್ಪ ಹಾಕಿ, ಅಷ್ಟು ವರ್ಷ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದಳು.

"ನಿಮ್ಮಮ್ಮನ ಬಾಗ್ಲಿಗೆ ನಲ್ಲಿ ಬಂತೇನಪ್ಪಾ?"

ಮಂತ್ರಿ ಒಬ್ಬಟ್ಟು ಮುರಿಯುತ್ತಿದ್ದವರು ನಿಲ್ಲಿಸಿದರು.

"ನಲ್ಲಿ ಬಂತು ಆಂಟಿ. ನಾನೇ ಹಾಕಿಸ್ದೆ. ಪೈಪೂ ಬಂತು."

"ನೀರು?"

"ಅಮ್ಮ ಹೋಗಿ ಎರಡು ವರ್ಷ ಆಯ್ತು. ಕೊನೇ ತನಕ ಒರತೆಗೇ ಇಳೀತಿದ್ರು."

ಅಮ್ಮನ ಕೈಯಲ್ಲಿದ್ದ ತುಪ್ಪದ ಮಿಳ್ಳೆ ಹಾಗೇ ನಿಂತಿತು. ಚಾಚಾ ತಲೆ ತಗ್ಗಿಸಿದರು. ಮಂತ್ರಿ ಅಪ್ಪನ ಕಡೆ ತಿರುಗಿದರು. ಮೈಕಿನ ಮುಂದೆ ಇದ್ದ ದನಿ ಅದಾಗಿರಲಿಲ್ಲ.

"ಯೋಜನೆ ಎಲ್ಲಾ ಆಗಿತ್ತು ಅಂಕಲ್. ಒಂದು ಮಾತು ಹೇಳಿದ್ರೆ ಇಡೀ ಬೆಟ್ಟಕ್ಕೆ ನೀರು ಬಿಡ್ತಿದ್ರು. ಅಮ್ಮನ ಮನೆಗೆ ಒಂದಕ್ಕೇ ಬಿಡೋ ಹಾಗಿರಲಿಲ್ಲ. ದಿನಾ ಬೆಳಗ್ಗೆ ಆ ಊರುಗಳ ಜನ ನನ್ನ ಬಾಗ್ಲಲ್ಲಿ ನಿಂತಿರ್ತಿದ್ರು, ನೀರು ಕೊಡಿ ಅಂತ. ಅವರ ವೋಟಲ್ಲೇ ನಾನು ಗೆಲ್ತಿದ್ದೆ. ಬಿಟ್ಟುಬಿಟ್ರೆ ನಾಳೆ ಯಾರು ಬರ್ತಾರೆ? ನೀವು ಹೇಳಿದ್ರಲ್ಲ, ಪೂರ್ತಿ ತಿರುಗಿಸ್ಬೇಡ, ಜನ ಬಾಗ್ಲಿಗೆ ಬರಲ್ಲ ಅಂತ."

ಮುರಿದ ಒಬ್ಬಟ್ಟನ್ನು ಎಲೆಯಲ್ಲೇ ಬಿಟ್ಟು ಹೇಳಿದರು: "ಬಂದ್ರು ಅಂಕಲ್. ಎಲ್ಲರೂ ಒಂದೇ ದಿನ ಬಂದ್ರು."

ಅಪ್ಪ ಎಲೆ ನೋಡುತ್ತಾ ಕೂತಿದ್ದರು. ತಲೆ ಎತ್ತದೆಯೇ ಕೇಳಿದರು. "ಅರ್ಧ ತಿರುಗಿಸು ಅಂದಿದ್ದೆ ಕಣಯ್ಯಾ ನಾನು. ಅರ್ಧನೂ ತಿರುಗಿಸ್ಲಿಲ್ವೇನೋ?"

"ಅರ್ಧಕ್ಕಿಂತ ಕಮ್ಮಿ ತಿರುಗಿಸಿದ್ರೆ ಇನ್ನೂ ಜಾಸ್ತಿ ಜನ ಬರ್ತಾರೆ. ಅದು ಮಾತ್ರ ನಾನೇ ಕಂಡ್ಕೊಂಡಿದ್ದು."

ಅಪ್ಪ ಮಜ್ಜಿಗೆ ಅನ್ನಕ್ಕೆ ಕಾಯದೆ ಎದ್ದು ಕೈ ತೊಳೆದರು. ನನಗೆ ಅಪ್ಪನ ಮೇಲೆ ಸಿಟ್ಟು ಬಂತು, ಅಯ್ಯೋ ಪಾಪ ಎಂದೂ ಅನಿಸಿತು. ನಮ್ಮ ಸಂಪು ಮೊದಲು ತುಂಬುತ್ತಿದ್ದ ಸದ್ದು ಕಿವಿಯಲ್ಲಿ ಕೇಳಿದಂತಾಗಿ ನಾನೂ ಎದ್ದೆ.

ಮಂತ್ರಿ ಇನ್ನೊಂದು ವಾರ ಇದ್ದರು. ಮಂಡಿ ತೋರಿಸಲೇ ಇಲ್ಲ. ಬೀದಿಯವರೊಡನೆಲ್ಲ ಟೀ ಕುಡಿದರು. ಹೊಸ ಫ್ಲಾಟುಗಳ ಹುಡುಗರೂ 'ಸೂಪರ್ ಮನುಷ್ಯ ಗುರು' ಎನ್ನುವಂತಾಯಿತು. ಕಠ್ಮಂಡುವಿನಲ್ಲಿ ಹೊಸ ಪಕ್ಷವೊಂದು ಹುಟ್ಟುವ ಸೂಚನೆ ಕಂಡಿತೆಂದು ಫೋನು ಬಂದ ಕೂಡಲೇ ಹೊರಟರು. ಅಪ್ಪನ ಕಾಲಿಗೆ ಬಿದ್ದರು. ಅಪ್ಪ ತಲೆ ಮುಟ್ಟಿ ಒಳಗೆ ಹೋದರು.

ಆ ಚಳಿಗಾಲದಲ್ಲಿ ಅಪ್ಪ ಮಂಕಿ ಕ್ಯಾಪು ಹುಡುಕಿಸಿ ಹಾಕಿಕೊಂಡರು. ಟ್ಯಾಂಕರ್ ಬಂದ ದಿನ ಡ್ರೈವರು ಅಭ್ಯಾಸದಂತೆ ನಮ್ಮ ಗೇಟಿನಲ್ಲಿ ನಿಲ್ಲಿಸಿ "ಯಾರ ಮನೆಗೆ ಸಾರ್ ಫಸ್ಟು?" ಎಂದು ಕೇಳಿದ. ಅಪ್ಪ ಪೇಪರಿನಿಂದ ತಲೆ ಎತ್ತದೆ "ನನ್ನೇನ್ ಕೇಳ್ತೀಯಾ, ಕೆಳಗಿನ ಬೀದಿಯಿಂದ ಶುರು ಮಾಡು" ಎಂದರು. ಅಷ್ಟಾಗಿಯೂ ಕೀ ಬಾಗಿಲ ಹಿಂದೆಯೇ ಇದೆ. ಮನುಷ್ಯ ಅಷ್ಟು ಬೇಗ ಬದಲಾಗುವುದಿಲ್ಲ.

ಮೊನ್ನೆ ಪಾರ್ಕಿನಲ್ಲಿ ನಾನೂ ಜೊತೆಗಿದ್ದೆ. ಮೊಬೈಲಿನಲ್ಲಿ ಸುದ್ದಿ ನೋಡಿದ ಹೊಸಬರೊಬ್ಬರು ಬೆಂಚಿನ ಹತ್ತಿರ ಬಂದು ಉತ್ಸಾಹದಿಂದ ಕೇಳಿದರು: "ಸಾರ್, ನೇಪಾಳದಲ್ಲಿ ನಿಮ್ ಶಿಷ್ಯ ಮತ್ತೆ ಎಲೆಕ್ಷನ್‌ಗೆ ನಿಂತಿದಾರಂತೆ?"

ಚಾಚಾ ಅಪ್ಪನ ಮುಖ ನೋಡಿದರು. ಅಪ್ಪ ಕ್ಯಾಪನ್ನು ಕಿವಿಯ ಕೆಳಗೆ ಎಳೆದುಕೊಂಡರು.

"ಯಾವ ಶಿಷ್ಯ?" ಎಂದರು. "ನಮ್ ಟೆರೇಸ್ ರೂಮಲ್ಲಿ ಬಾಡಿಗೆಗಿದ್ದ, ಅಷ್ಟೆ."